ಸ್ವಂತ ಕರಾಟೆ ಕ್ಲಾಸ್ ಶುರು ಮಾಡುವವರಿಗೆ: ಕಲಿಸಿದವರು, ಕಲಿತವರು ಹೇಳಿದ್ದು

ಕೇಳಿದವರು:
ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಂದಿನಿಂದ ಕರಾಟೆ ಕಲಿತವನು. ಬ್ಲ್ಯಾಕ್ ಬೆಲ್ಟ್ ಆಗಿ ಕೆಲವು ವರ್ಷ ಆಯಿತು. ಈಗ ನಮ್ಮ ಗುರುಗಳ ಹತ್ತಿರವೇ ಮಕ್ಕಳ ಬ್ಯಾಚ್ ನೋಡಿಕೊಳ್ಳುತ್ತಿದ್ದೇನೆ. ಸ್ವಂತ ಶಾಲೆ ತೆರೆಯಬೇಕು ಅಂತ ಬಹಳ ದಿನದ ಆಸೆ. ದೊಡ್ಡ ಹಾಲ್ ಒಂದು ಬಾಡಿಗೆಗೆ ಸಿಗುತ್ತಿದೆ. ತೆಗೆದುಕೊಳ್ಳಲೋ, ಚಿಕ್ಕದರಲ್ಲೇ ಶುರು ಮಾಡಲೋ? ಮ್ಯಾಟ್, ಬ್ಯಾಚ್, ಫೀಸು, ಮಕ್ಕಳ ಸುರಕ್ಷತೆ, ಇದರಲ್ಲಿ ಯಾವುದಕ್ಕೆ ಮೊದಲು ಗಮನ ಕೊಡಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕರಾಟೆ ಶಿಕ್ಷಕಿ:
ದೊಡ್ಡ ಹಾಲ್ ಸದ್ಯಕ್ಕೆ ಬೇಡ ಸರ್. ಬಾಡಿಗೆ ಜಾಸ್ತಿ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹಾಲ್ ದೊಡ್ಡದಾದರೆ ಅದನ್ನು ತುಂಬಿಸಬೇಕು ಅನ್ನುವ ಒತ್ತಡ ಮೊದಲ ತಿಂಗಳಿಂದಲೇ ಶುರುವಾಗುತ್ತದೆ. ಆಗ ಬಂದವರನ್ನೆಲ್ಲ ಒಂದೇ ಬ್ಯಾಚಿಗೆ ಸೇರಿಸುತ್ತೇವೆ. ಬೆಲ್ಟ್ ಪರೀಕ್ಷೆ ಬೇಗ ಬೇಗ ಇಡುತ್ತೇವೆ. ಏನು ಕಲಿಸಬೇಕು, ಹೇಗೆ ಕಲಿಸಬೇಕು ಅನ್ನುವುದನ್ನೆಲ್ಲ ಬಾಡಿಗೆಯೇ ತೀರ್ಮಾನ ಮಾಡುವ ಹಾಗಾಗುತ್ತದೆ.

ಕರಾಟೆ ಸ್ಪರ್ಧೆಯ ಅಂಕಣ 8 ಮೀಟರ್ ಉದ್ದ, 8 ಮೀಟರ್ ಅಗಲ ಇರುತ್ತದೆ. ಅಷ್ಟಾದರೂ ಬೇಕಲ್ವಾ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹೊಸಬರಿಗೆ ಬೇಕಿಲ್ಲ. ಒಬ್ಬರು ಕಾಲು ಬೀಸಿದರೆ ಪಕ್ಕದವರಿಗೆ, ಹಿಂದಿನವರಿಗೆ ತಾಗಬಾರದು, ಮೊದಲಿಗೆ ಅಷ್ಟು ಸಾಕು. ಯಾವುದಾದರೂ ಸಭಾಂಗಣ ಅಥವಾ ನೃತ್ಯ ಕಲಿಸುವ ಕೋಣೆ ವಾರದಲ್ಲಿ ಕೆಲವು ಗಂಟೆ ಖಾಲಿ ಇದ್ದರೆ ಗಂಟೆ ಲೆಕ್ಕದಲ್ಲಿ ತೆಗೆದುಕೊಳ್ಳಿ. ಸಾಮಾನು ಇಡಲು ಒಂದು ಕಪಾಟು ಕೇಳಿ. ಬ್ಯಾಚ್ ತುಂಬಿ, ಬಂದವರನ್ನು ವಾಪಸ್ ಕಳಿಸಬೇಕಾದ ಸ್ಥಿತಿ ಬಂದಾಗ ಸ್ವಂತ ಜಾಗ ಹುಡುಕಬಹುದು.

ಜಾಗ ನೋಡಲು ಹೋದಾಗ ಒಂದು ಉದ್ದ ಕೋಲು ತೆಗೆದುಕೊಂಡು ಹೋಗಿ. ಅಭ್ಯಾಸಕ್ಕೆ ಬಳಸುವ ಬೋ ಅನ್ನುವ ಕೋಲು ಸುಮಾರು 180 ಸೆಂಟಿಮೀಟರ್ ಇರುತ್ತದೆ. ತಲೆಯ ಮೇಲೆ ತಿರುಗಿಸಿ ನೋಡಿ. ಫ್ಯಾನ್, ದೀಪ, ತೊಲೆ ಯಾವುದು ಅಡ್ಡ ಬರುತ್ತದೆ ಅಂತ ಆಗಲೇ ಗೊತ್ತಾಗುತ್ತದೆ. ಮಧ್ಯದಲ್ಲಿ ಕಂಬ ಇದ್ದರೆ ಅದಕ್ಕೆ ದಪ್ಪ ಫೋಮ್ ಸುತ್ತಬೇಕು, ದೊಡ್ಡವರ ತಲೆಯ ಎತ್ತರಕ್ಕೂ ಮೇಲೆ. ಕೆಳಗಿನ ಮಹಡಿಯಲ್ಲಿ ಯಾರಿದ್ದಾರೆ ಅಂತಲೂ ವಿಚಾರಿಸಿ. ಹತ್ತು ಜನ ಒಟ್ಟಿಗೆ ಜಿಗಿದು ಕೂಗಿದರೆ ಕೆಳಗಿನವರು ಎಷ್ಟು ದಿನ ಸಹಿಸುತ್ತಾರೆ? ಈ ಮಾತನ್ನು ಮಾಲೀಕರ ಹತ್ತಿರ ಮೊದಲೇ ಆಡಿ, ಕರಾರಿನಲ್ಲಿ ಬರೆಸಿಕೊಳ್ಳಿ.

ಇನ್ನು ಬ್ಯಾಚಿನ ಗಾತ್ರ. ಇದನ್ನು ನಾನು ಕಣ್ಣಿನ ಲೆಕ್ಕದಲ್ಲಿ ಹೇಳುತ್ತೇನೆ. ಝೆಂಕುತ್ಸು ದಾಚಿಯಲ್ಲಿ, ಅಂದರೆ ಮುಂದಿನ ಮಂಡಿ ಬಗ್ಗಿಸಿ ಹಿಂದಿನ ಕಾಲು ನೀಡಿ ನಿಲ್ಲುವ ನಿಲುವಿನಲ್ಲಿ, ನಿಂತ ಹೊಸಬರನ್ನು ಗಮನಿಸಿ. ಮುಂದಿನ ಮಂಡಿ ಬಗ್ಗಿದ ಕೂಡಲೇ ಒಳಗಡೆ ವಾಲುತ್ತದೆ. ಪಾದ ನೇರ ಇದ್ದರೂ ಮಂಡಿ ಹೆಬ್ಬೆರಳಿಗಿಂತ ಒಳಗೆ ಇರುತ್ತದೆ. ಹಿಂದಿನ ಹಿಮ್ಮಡಿ ನೆಲ ಬಿಟ್ಟಿರುತ್ತದೆ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ. ಆಗಲೇ ಹತ್ತಿರ ಹೋಗಿ ತಿದ್ದಿದರೆ ಒಂದು ನಿಮಿಷದ ಕೆಲಸ. ತಿದ್ದದೆ ಬಿಟ್ಟರೆ ಅದೇ ರೂಢಿಯಾಗುತ್ತದೆ. ಆಮೇಲೆ ಜೋರಾಗಿ ತಿರುಗುವಾಗೆಲ್ಲ ಆ ಮಂಡಿಗೇ ಪೆಟ್ಟು. ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಎಷ್ಟು ಜನರ ಮಂಡಿ ನೋಡಬಲ್ಲಿರೋ ಅಷ್ಟೇ ಜನರ ಬ್ಯಾಚ್ ಮಾಡಿ. ಅದಕ್ಕಿಂತ ಹೆಚ್ಚು ಬಂದರೆ ಸಹಾಯಕ್ಕೆ ಒಬ್ಬರು ಬೇಕು, ಇಲ್ಲವೇ ಇನ್ನೊಂದು ಬ್ಯಾಚ್ ಬೇಕು.

ಐದಾರು ವರ್ಷದ ಮಕ್ಕಳನ್ನೂ ಹನ್ನೆರಡು ವರ್ಷದವರನ್ನೂ ಒಟ್ಟಿಗೆ ನಿಲ್ಲಿಸಬೇಡಿ. ಚಿಕ್ಕವರಿಗೆ ಅರ್ಧ, ಮುಕ್ಕಾಲು ಗಂಟೆಯೇ ಜಾಸ್ತಿ.

ಜೂಡೊ ಕೋಚ್:
ಮೇಡಂ ಹೇಳಿದ್ದು ಸರಿ. ಅದಕ್ಕೆ ಒಂದು ಉದಾಹರಣೆ ಸೇರಿಸುತ್ತೇನೆ. ಜೂಡೊ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ ಕೊಡೊಕಾನ್ ಅನ್ನುವ ತಮ್ಮ ಶಾಲೆ ಶುರು ಮಾಡಿದಾಗ ಇದ್ದದ್ದು 12 ತತಾಮಿ ಚಾಪೆಯಷ್ಟು ಜಾಗ. ಅಂದರೆ ಸುಮಾರು 20 ಚದರ ಮೀಟರ್. ಮೊದಲ ವರ್ಷ ಸೇರಿದವರು 9 ಜನ. ಇವತ್ತು ಕೊಡೊಕಾನ್‌ನ ಮುಖ್ಯ ಹಾಲ್ 420 ಚಾಪೆಯದು. ಜೂಡೊ 1964ರಲ್ಲಿ ಒಲಿಂಪಿಕ್ಸಿಗೂ ಹೋಯಿತು. ಆ ಚಿಕ್ಕ ಕೋಣೆಯಲ್ಲಿ ಒಬ್ಬೊಬ್ಬರ ಮೇಲೂ ಗುರುವಿನ ಕಣ್ಣಿತ್ತು. ನನಗೆ ಅದೇ ಮುಖ್ಯ ಅನಿಸುತ್ತದೆ.

ಜಾಗ ಚಿಕ್ಕದಿರಲಿ, ಮ್ಯಾಟಿನಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಬರೀ ಕಟಾ (ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ), ಪಂಚ್, ಕಿಕ್ ಆದರೆ ಒಂದಕ್ಕೊಂದು ಕೂಡಿಸುವ 20ರಿಂದ 25 ಮಿಲಿಮೀಟರ್ ಫೋಮ್ ಮ್ಯಾಟ್ ನಡೆಯುತ್ತದೆ. ಎತ್ತಿ ಎಸೆಯುವುದನ್ನು ಕಲಿಸುವುದಾದರೆ ಅದು ಸಾಲದು. ಕನಿಷ್ಠ 40 ಮಿಲಿಮೀಟರ್ ದಪ್ಪದ, ಒಳಗೆ ಗಟ್ಟಿ ಇರುವ ಜೂಡೊ ಮ್ಯಾಟ್ ಬೇಕು. ತುಂಬಾ ಮೆತ್ತಗಿನದೂ ಅಪಾಯವೇ. ಕಾಲ್ಬೆರಳು ಹೂತುಕೊಂಡು ಮೈ ಮಾತ್ರ ತಿರುಗಿದರೆ ಮಂಡಿ ಹೋಗುತ್ತದೆ. ಕ್ಲಾಸಿಗೆ ಮೊದಲು ಬರಿಗಾಲಲ್ಲಿ ಇಡೀ ಮ್ಯಾಟ್ ಮೇಲೆ ಒಂದು ಸಲ ನಡೆಯಿರಿ. ಎರಡು ಮ್ಯಾಟ್ ನಡುವೆ ಬಿರುಕು ಬಿಟ್ಟಿದ್ದರೆ ಪಾದಕ್ಕೇ ಮೊದಲು ಗೊತ್ತಾಗುವುದು.

ಕರಾಟೆ ಕ್ಲಾಸ್ ಆದರೂ ಬೀಳುವುದನ್ನು ಮೊದಲ ವಾರದಲ್ಲೇ ಕಲಿಸಿ. ಗಲ್ಲ ಎದೆಗೆ ಒತ್ತಬೇಕು, ತಲೆ ನೆಲಕ್ಕೆ ತಾಗಬಾರದು, ಬೀಳುವಾಗ ಕೈ ಹಿಂದಕ್ಕೆ ಊರಬಾರದು. ಮೊದಲು ಕೂತು ಹಿಂದಕ್ಕೆ ಉರುಳಲಿ, ಆಮೇಲೆ ಕುಕ್ಕರಗಾಲಲ್ಲಿ, ಕೊನೆಗೆ ನಿಂತು. ಇದು ಕ್ಲಾಸಿನ ಹೊರಗೂ ಉಪಯೋಗಕ್ಕೆ ಬರುವ ವಿದ್ಯೆ.

ಸ್ವಚ್ಛತೆ ಬಗ್ಗೆ ಯಾರೂ ಮಾತಾಡುವುದಿಲ್ಲ. ಹುಳುಕಡ್ಡಿ ಮ್ಯಾಟ್ ಮೇಲೆ, ಮೈಗೆ ಮೈ ತಾಗಿ ಹರಡುತ್ತದೆ. ಒಬ್ಬರಿಗೆ ಬಂದರೆ ಇಡೀ ಬ್ಯಾಚಿಗೆ ಬರಲು ಹೆಚ್ಚು ದಿನ ಬೇಡ. ಪ್ರತಿದಿನ ಸೋಂಕುನಾಶಕ ಹಾಕಿ ಒರೆಸಿ. ಮ್ಯಾಟ್ ಬಿಟ್ಟು ಹೊರಗೆ ಹೋಗುವಾಗ ಚಪ್ಪಲಿ ಹಾಕಲೇಬೇಕು, ಬಾತ್‌ರೂಮಿಗಂತೂ ಖಂಡಿತ. ಉಗುರು ಕತ್ತರಿಸಿರಬೇಕು, ಬಟ್ಟೆ ಒಗೆದಿರಬೇಕು. ಚರ್ಮದ ಮೇಲೆ ದುಂಡಗಿನ ಕೆಂಪು ಗುರುತು ಕಂಡರೆ ಪಕ್ಕಕ್ಕೆ ಕರೆದು, ಎಲ್ಲರ ಮುಂದೆ ಹೇಳದೆ, ಡಾಕ್ಟರ ಹತ್ತಿರ ಕಳಿಸಿ.

ಮಗಳನ್ನು ಕಳಿಸುವ ತಾಯಿ:
ನಾನು ಕಲಿಸುವವಳಲ್ಲ. ಮಗಳಿಗೆ ಕ್ಲಾಸ್ ಹುಡುಕುವಾಗ ಏನು ನೋಡಿದೆ ಅಂತ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು.

ಗೋಡೆಯ ಮೇಲಿನ ಟ್ರೋಫಿ, ಫೋಟೊ ನೋಡಿ ನಾನು ಸೇರಿಸಲಿಲ್ಲ. ಕೂತು ಒಂದು ಕ್ಲಾಸ್ ನೋಡಬಹುದಾ ಅಂತ ಕೇಳಿದೆ. ಒಂದು ಕಡೆ, ಪೋಷಕರು ಒಳಗೆ ಬರುವ ಹಾಗಿಲ್ಲ, ಮಕ್ಕಳ ಗಮನ ಹೋಗುತ್ತದೆ ಅಂದರು. ಅಲ್ಲಿಂದ ಹಾಗೇ ಬಂದೆ. ಯಾವಾಗ ಬೇಕಾದರೂ ಬಂದು ಕೂತು ನೋಡಲು ಬಿಡುವ ಕ್ಲಾಸ್ ನನಗೆ ಬೇಕಿತ್ತು. ಮಗುವನ್ನು ಮುಟ್ಟಿ ತಿದ್ದುವ ಮೊದಲು 'ನಿನ್ನ ಕೈ ಹಿಡಿದು ತೋರಿಸಲಾ?' ಅಂತ ಕೇಳುವ ಟೀಚರ್ ಸಿಕ್ಕಿದರು. ಮಗಳು 'ಬೇಡ' ಅಂದರೆ ತಾವೇ ಮಾಡಿ ತೋರಿಸುತ್ತಿದ್ದರು. ನನ್ನ ಮಗಳು ಅಲ್ಲಿ ಕಲಿತ ಮೊದಲ ಸ್ವರಕ್ಷಣೆ ಆ 'ಬೇಡ' ಅನ್ನುವ ಮಾತೇ ಅಂತ ನಾನು ನಂಬಿದ್ದೇನೆ. ಯಾವ ಮಗುವಿನ ಜೊತೆಗೂ ದೊಡ್ಡವರು ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು ಅನ್ನುವ ನಿಯಮ ನಿಮ್ಮಲ್ಲೂ ಇರಲಿ, ನಿಮಗೂ ಸೇರಿಸಿ. ಸಹಾಯಕರನ್ನು ತೆಗೆದುಕೊಳ್ಳುವಾಗ ಅವರ ಹಿನ್ನೆಲೆ ವಿಚಾರಿಸಿ.

ಫೀಸು ಎಷ್ಟಾದರೂ ಇರಲಿ, ಮೊದಲೇ ಪೂರ್ತಿ ಹೇಳಿ. ತಿಂಗಳ ಫೀಸು ಒಂದು, ಆಮೇಲೆ ಪರೀಕ್ಷೆಗೆ ಬೇರೆ, ಬೆಲ್ಟಿಗೆ ಬೇರೆ, ಸರ್ಟಿಫಿಕೇಟಿಗೆ ಬೇರೆ ಅಂತ ಒಂದೊಂದಾಗಿ ಬಂದರೆ ನಂಬಿಕೆ ಹೋಗುತ್ತದೆ.

ಟೇಕ್ವಾಂಡೊ ಶಿಕ್ಷಕ:
ಬೆಲ್ಟ್ ಮಾತು ಬಂತಲ್ಲ, ಹಾಗಾಗಿ ಹೇಳುತ್ತೇನೆ. ಡಾನ್ ದರ್ಜೆ, ಅಂದರೆ ಬ್ಲ್ಯಾಕ್ ಬೆಲ್ಟಿನ ಹಂತಗಳು, ಬಹಳ ಹಿಂದಿನ ಕಾಲದಿಂದ ಬಂದ ಪದ್ಧತಿ ಅಂತ ಅನೇಕರು ನಂಬಿದ್ದಾರೆ. ಸಮರ ಕಲೆಗಳಿಗೆ ಅದನ್ನು ತಂದವರು ಮೇಲೆ ಹೇಳಿದ ಕಾನೊ ಅವರೇ. 1883ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಕೊಟ್ಟರು. ಬಣ್ಣ ಬಣ್ಣದ ಬೆಲ್ಟ್ ಬಂದದ್ದು ಅದಕ್ಕೂ ಈಚೆಗೆ. ಕಲಿಯುವವರಿಗೆ ಮುಂದಿನ ಗುರಿ ಕಾಣಲಿ ಅಂತ ಮಾಡಿದ ವ್ಯವಸ್ಥೆ ಅದು. ಪರೀಕ್ಷೆಯ ದುಡ್ಡಿನಿಂದಲೇ ಶಾಲೆ ನಡೆಯುವ ಹಾಗೆ ಲೆಕ್ಕ ಹಾಕಬೇಡಿ. ಹಾಗೆ ಹಾಕಿದರೆ ಯಾರನ್ನೂ ಫೇಲ್ ಮಾಡಲು ಆಗುವುದಿಲ್ಲ. ತಿಂಗಳ ಫೀಸಿನಲ್ಲೇ ಬಾಡಿಗೆ, ವಿಮೆ, ನಿಮ್ಮ ಸಂಬಳ ಮೂರೂ ಬರಬೇಕು. ನಿಮ್ಮ ಸಂಬಳವನ್ನು ಬಿಟ್ಟು ಲೆಕ್ಕ ಹಾಕಿದರೆ ಎರಡನೇ ವರ್ಷಕ್ಕೆ ಬೇಸರ ಬರುತ್ತದೆ.

ತಲೆಗೆ ಪೆಟ್ಟಿನ ವಿಷಯಕ್ಕೆ ಒಂದೇ ನಿಯಮ ಇಡಿ. ಪೆಟ್ಟು ಬಿದ್ದ ಮೇಲೆ ತಲೆನೋವು, ತಲೆಸುತ್ತು, ವಾಂತಿ, ಮಂಕು, ಕೇಳಿದ್ದನ್ನೇ ಮತ್ತೆ ಕೇಳುವುದು, ಇದರಲ್ಲಿ ಯಾವುದೇ ಒಂದು ಕಂಡರೂ ಅವರು ಅವತ್ತು ಮತ್ತೆ ಮ್ಯಾಟ್ ಹತ್ತಬಾರದು. ಡಾಕ್ಟರು ಸರಿ ಅನ್ನುವ ತನಕ ಸ್ಪಾರಿಂಗ್ (ಎದುರಾಳಿಯ ಜೊತೆ ಹೋರಾಡುವ ಅಭ್ಯಾಸ) ಇಲ್ಲ. ಪ್ರಜ್ಞೆ ತಪ್ಪಿದರೆ ಮಾತ್ರ ಗಂಭೀರ ಅಂದುಕೊಳ್ಳಬೇಡಿ, ಪ್ರಜ್ಞೆ ತಪ್ಪದೆಯೂ ಮೆದುಳಿಗೆ ಏಟಾಗಿರುತ್ತದೆ. ಲಕ್ಷಣ ಕೆಲವು ಗಂಟೆ ಬಿಟ್ಟೂ ಕಾಣಿಸಬಹುದು. ಅದಕ್ಕೇ ಮನೆಯವರಿಗೆ ಅವತ್ತೇ ತಿಳಿಸಿ. ಹೆಡ್‌ಗಾರ್ಡ್ ಇದೆಯಲ್ಲ ಅಂತ ಧೈರ್ಯ ಬೇಡ. ಚರ್ಮ ಸೀಳದ ಹಾಗೆ ಅದು ಕಾಯುತ್ತದೆ, ಒಳಗೆ ಮೆದುಳು ಅಲುಗುವುದನ್ನು ಪೂರ್ತಿ ತಡೆಯುವುದಿಲ್ಲ. ಶಾಲೆ ತೆರೆಯುವ ಮೊದಲು ಪ್ರಥಮ ಚಿಕಿತ್ಸೆ, ಸಿಪಿಆರ್ ತರಬೇತಿ ಮುಗಿಸಿಕೊಳ್ಳಿ.

ಹಿರಿಯ ಶಿಕ್ಷಕ:
ಗುರುಗಳ ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬೇರೆಯವರ ಬಾಯಿಂದ ಅವರಿಗೆ ತಿಳಿಯುವ ಮೊದಲು ನೀವೇ ಹೋಗಿ ಹೇಳಿ. ಈಗ ನೋಡಿಕೊಳ್ಳುತ್ತಿರುವ ಮಕ್ಕಳನ್ನು ಕರೆಯಬೇಡಿ. ಪೋಷಕರ ಫೋನ್ ನಂಬರ್ ತೆಗೆದುಕೊಂಡು ಹೋಗಬೇಡಿ. ಯಾರಾದರೂ ತಾವಾಗಿ ಬಂದರೆ ಮೊದಲು ಗುರುಗಳಿಗೆ ತಿಳಿಸಿ ಬನ್ನಿ ಅನ್ನಿ. ಅವರ ಹತ್ತಿರ ವಾರಕ್ಕೆ ಒಂದು ದಿನವಾದರೂ ವಿದ್ಯಾರ್ಥಿಯಾಗಿ ಹೋಗುವುದನ್ನು ಬಿಡಬೇಡಿ. ಬರೀ ಕಲಿಸುತ್ತಾ ಇದ್ದರೆ ನಮ್ಮ ಅಭ್ಯಾಸ ಸವೆಯುತ್ತದೆ. ನಮ್ಮನ್ನು ತಿದ್ದುವವರೂ ಇರುವುದಿಲ್ಲ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ದೊಡ್ಡ ಹಾಲ್ ಬಿಟ್ಟೆ. ಈ ವಾರವೇ ಗುರುಗಳನ್ನು ಕಂಡು ಮಾತಾಡುತ್ತೇನೆ. ಒಂದು ಪ್ರಶ್ನೆ ಉಳಿಯಿತು. ಬಂದವರು ನಿಲ್ಲುವ ಹಾಗೆ ಮೊದಲ ಕ್ಲಾಸ್ ಹೇಗಿರಬೇಕು?

ಕರಾಟೆ ಶಿಕ್ಷಕಿ:
ಮೊದಲ ಕ್ಲಾಸಿನಲ್ಲಿ ನಿಮ್ಮ ಕಟಾ ತೋರಿಸಬೇಡಿ ಸರ್. ಹೊಸಬರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ 'ನೋಡಿಕೊಂಡು ಮಾಡಿ' ಅನ್ನುವುದೂ ಬೇಡ. ಬಾಗಿಲಲ್ಲೇ ಹೆಸರು ಕೇಳಿ, ಕ್ಲಾಸಿನಲ್ಲಿ ಎರಡು ಸಲವಾದರೂ ಆ ಹೆಸರು ಹಿಡಿದು ಕರೆಯಿರಿ. ಹಳೆ ಗಾಯ, ಉಬ್ಬಸ, ಔಷಧಿ ಇದೆಯಾ ವಿಚಾರಿಸಿ ಬರೆದುಕೊಳ್ಳಿ. ಒಂದು ನಿಲುವು, ಒಂದು ಪಂಚ್, ಒಂದು ಬೀಳುವ ಪಾಠ, ಇಷ್ಟು ಸಾಕು. ಕೊನೆಯ ಹತ್ತು ನಿಮಿಷ ಹೊಡೆಯಲು ಪ್ಯಾಡ್ ಕೊಡಿ. ಮಗುವಾದರೆ ಅಪ್ಪನೋ ಅಮ್ಮನೋ ಪ್ಯಾಡ್ ಹಿಡಿಯಲಿ, ಹೇಗೆ ಹಿಡಿಯಬೇಕು ಅಂತ ನೀವು ಪಕ್ಕದಲ್ಲಿ ನಿಂತು ತೋರಿಸಿ. ಎರಡು ಕ್ಲಾಸ್ ಬಂದು ಮೂರನೆಯದಕ್ಕೆ ಬಾರದವರಿಗೆ ಅದೇ ವಾರ ಫೋನ್ ಮಾಡಿ. ಫೀಸಿನ ಮಾತು ಎತ್ತಬೇಡಿ, ಮೈಕೈ ನೋವು ಹೇಗಿದೆ ಅಂತ ಕೇಳಿ. ತುಂಬಾ ಜನ ಬಿಡುವುದು ಅದಕ್ಕೇ, ಆದರೆ ಹೇಳಲು ನಾಚಿಕೊಳ್ಳುತ್ತಾರೆ.