ಡಬ್ಬಿಯಲ್ಲೂ ಬಾಟಲಿಯಲ್ಲೂ ಬಿಳಿ ಪುಡಿ ಉಳಿಯುತ್ತಿದೆ: ಹೈಡ್ರೋಫ್ಲೋರಿಕ್ ಆಮ್ಲ ಬೇಕೇ?

ಪ್ರಶ್ನೆ
ಮೊಸರು ತುಂಬುವ ಬಿಳಿ ಪಾಲಿಪ್ರೊಪಿಲೀನ್ ಡಬ್ಬಿಗಳಲ್ಲಿಯೂ ನೀರಿನ ಪೆಟ್ ಬಾಟಲಿಗಳಲ್ಲಿಯೂ ಇರುವ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮತ್ತು ಆಂಟಿಮನಿಯನ್ನು ಐಸಿಪಿ-ಎಂಎಸ್ (ಲೋಹದ ಅಯಾನುಗಳನ್ನು ದ್ರವ್ಯರಾಶಿಯ ಪ್ರಕಾರ ಬೇರ್ಪಡಿಸಿ ಎಣಿಸುವ) ಉಪಕರಣದಿಂದ ಅಳೆಯುತ್ತಿದ್ದೇನೆ. 0.2 ಗ್ರಾಂ ಚೂರುಗಳನ್ನು ನೈಟ್ರಿಕ್ ಆಮ್ಲದೊಂದಿಗೆ ಮುಚ್ಚಿದ ಪಾತ್ರೆಯಲ್ಲಿಟ್ಟು ಮೈಕ್ರೋವೇವ್‌ನಲ್ಲಿ ಕಾಯಿಸಿ ಆರಿಸಿದ ಮೇಲೆ ಎರಡರ ತಳದಲ್ಲೂ ಬಿಳಿ ಪುಡಿ ಕಾಣುತ್ತದೆ. ಬಾಟಲಿಯ ಆಂಟಿಮನಿಯಂತೂ ಮರುದಿನ ಅಳೆದರೆ ಇನ್ನೂ ಕಡಿಮೆ ಬರುತ್ತದೆ. ಪುಡಿಯನ್ನು ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲ ಅನಿವಾರ್ಯವೇ?

ಉತ್ತರ 1
ಎರಡೂ ಪುಡಿ ಬಿಳಿಯೇ ಆದರೂ ಒಂದೇ ವಸ್ತುವಲ್ಲ. ಡಬ್ಬಿಯಲ್ಲಿ ಉಳಿಯುವುದು ಬಹುಮಟ್ಟಿಗೆ ಬಣ್ಣಕ್ಕೆ ಸೇರಿಸಿದ ಟೈಟಾನಿಯಂ ಡೈಆಕ್ಸೈಡ್. ಬಾಟಲಿಯಲ್ಲಿ ಉಳಿಯುವುದು ಪೆಟ್ ಒಡೆದಾಗ ಹುಟ್ಟಿ, ದ್ರಾವಣ ತಣ್ಣಗಾದಾಗ ಹರಳುಗಟ್ಟುವ ಟೆರೆಫ್ತಾಲಿಕ್ ಆಮ್ಲ. ಪುಡಿಯನ್ನು ನೀರಿನಲ್ಲಿ ತೊಳೆದು ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ನೋಡಿ: ಟೆರೆಫ್ತಾಲಿಕ್ ಆಮ್ಲ ಕರಗುತ್ತದೆ, ಟೈಟಾನಿಯಂ ಡೈಆಕ್ಸೈಡ್ ಕದಲುವುದಿಲ್ಲ. ಬಾಟಲಿಗೆ ಹೆಚ್ಚಿನ ಉಷ್ಣತೆ, ಹೆಚ್ಚಿನ ಸಮಯ ಕೊಟ್ಟರೆ ಸಾಕು. ಹೈಡ್ರೋಫ್ಲೋರಿಕ್ ಆಮ್ಲ ಬೇಕಾಗುವುದು ಟೈಟಾನಿಯಂ ಅನ್ನೋ ಅದರ ಕಣಗಳೊಳಗೆ ಸಿಕ್ಕಿಕೊಂಡ ಲೋಹವನ್ನೋ ಅಳೆಯಲೇಬೇಕಾದಾಗ ಮಾತ್ರ. ಅದು ಗಾಜನ್ನೂ ಉಪಕರಣದ ಕ್ವಾರ್ಟ್ಜ್ ಭಾಗಗಳನ್ನೂ ತಿನ್ನುತ್ತದೆ, ಮೈಮೇಲೆ ಬಿದ್ದರೆ ಪ್ರಾಣಕ್ಕೇ ಅಪಾಯ. ಆ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಂತಿಲ್ಲದ ಪ್ರಯೋಗಾಲಯದಲ್ಲಿ ಆ ಆಮ್ಲದ ಬಾಟಲಿಯನ್ನು ತೆರೆಯಲೇಬಾರದು.

ಇನ್ನು ಆಂಟಿಮನಿ. ಬರಿಯ ನೈಟ್ರಿಕ್ ಆಮ್ಲದಲ್ಲಿ ಅದು ಜಲವಿಚ್ಛೇದನೆಗೊಂಡು ಪಾತ್ರೆಯ ಗೋಡೆಗೆ ಅಂಟುತ್ತದೆ. ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರೆ ದ್ರಾವಣದಲ್ಲೇ ನಿಲ್ಲುತ್ತದೆ. ಆದರೆ ಆರ್ಸೆನಿಕ್ ಕೂಡ ಅಳೆಯುವುದಾದರೆ, ಉಪಕರಣದ ಆರ್ಗಾನ್ ಅನಿಲ ಮತ್ತು ಆಮ್ಲದ ಕ್ಲೋರಿನ್ ಕೂಡಿ ಆರ್ಸೆನಿಕ್‌ನ ದ್ರವ್ಯರಾಶಿಯಾದ 75ರಲ್ಲಿ ಸುಳ್ಳು ಸಂಕೇತ ಕೊಡುವುದರಿಂದ, ಅಂಥ ಜೋಡಿಗಳನ್ನು ತಡೆಯುವ ಹೀಲಿಯಂ ಕೋಶ ಬಳಸಬೇಕು. ಪೂರ್ತಿ ಉರಿಯದ ಇಂಗಾಲ ಆರ್ಗಾನ್ ಜೊತೆ ಕೂಡಿ ದ್ರವ್ಯರಾಶಿ 52ರಲ್ಲಿ ಕ್ರೋಮಿಯಂಗೂ ಇದೇ ತೊಂದರೆ ಕೊಡುತ್ತದೆ.

ಉತ್ತರ 2
ಅದಕ್ಕೂ ಮೊದಲು ಅಳೆಯುತ್ತಿರುವುದು ಯಾವ ಮಿತಿಗಾಗಿ ಎಂಬುದನ್ನು ನಿರ್ಧರಿಸಿಕೊಳ್ಳಿ. ಆಂಟಿಮನಿ ಟ್ರೈಆಕ್ಸೈಡ್ ವೇಗವರ್ಧಕವಾಗಿರುವ ಪೆಟ್‌ನಲ್ಲಿ ಸಾಮಾನ್ಯವಾಗಿ ಕಿಲೋಗೆ 200-300 ಮಿಲಿಗ್ರಾಂ ಆಂಟಿಮನಿ ಇದ್ದೇ ಇರುತ್ತದೆ. ಯುರೋಪಿನ 10/2011 ನಿಯಮ ಮಿತಿ ಹಾಕಿರುವುದು ಆಹಾರಕ್ಕೆ ಇಳಿಯುವ ಅಂಶಕ್ಕೆ, ಅದು ಕಿಲೋಗೆ 0.04 ಮಿಲಿಗ್ರಾಂ. ಪ್ಲಾಸ್ಟಿಕ್ಕಿನೊಳಗಿನ ಒಟ್ಟು ಮೊತ್ತ ಕೇಳುವುದು ಸೀಸ, ಕ್ಯಾಡ್ಮಿಯಂ, ಪಾದರಸ, ಷಡ್ವೇಲೆನ್ಸಿಯ ಕ್ರೋಮಿಯಂ ಸೇರಿ ಕಿಲೋಗೆ 100 ಮಿಲಿಗ್ರಾಂ ಮೀರಬಾರದೆಂಬ ಇನ್ನೊಂದು ನಿಯಮ. ಆಹಾರಕ್ಕೆ ಇಳಿಯುವುದನ್ನು ತಿಳಿಯಬೇಕಿದ್ದರೆ ಹುಳಿ ಪದಾರ್ಥದ ಬದಲಿಗೆ ಶೇಕಡ 3ರ ಅಸಿಟಿಕ್ ಆಮ್ಲ ತುಂಬಿಟ್ಟು, ಆ ದ್ರಾವಣವನ್ನೇ ನೇರವಾಗಿ ಅಳೆಯಬಹುದು. ಬಿಳಿ ಪುಡಿಯ ತಕರಾರೇ ಬರುವುದಿಲ್ಲ.

ಉತ್ತರ 3
ಒಂದು ಸೇರ್ಪಡೆ. ಸ್ಟೀಲ್ ಕತ್ತರಿಯಿಂದ ಕ್ರೋಮಿಯಂ ಸೇರಿಕೊಳ್ಳುತ್ತದೆ, ಸೆರಾಮಿಕ್ ಕತ್ತರಿ ಬಳಸಿ. ಲೋಹಗಳ ಪ್ರಮಾಣ ಮೊದಲೇ ಗೊತ್ತಿರುವ ಇಆರ್‌ಎಂ-ಇಸಿ681 ಪ್ರಮಾಣಿತ ಮಾದರಿ ಪಾಲಿಎಥಿಲೀನ್‌ನದು. ಅದರಲ್ಲಿ ಸರಿಯಾದ ಫಲಿತಾಂಶ ಬಂದರೂ ಪೆಟ್‌ಗೆ ಅದು ಖಾತರಿಯಾಗದು. ಆದ್ದರಿಂದ ಬಾಟಲಿಯ ಚೂರಿಗೇ ಗೊತ್ತಿರುವಷ್ಟು ಆಂಟಿಮನಿಯನ್ನು ಕಾಯಿಸುವ ಮೊದಲೇ ಸೇರಿಸಿ, ಎಷ್ಟು ಮರಳಿ ಬರುತ್ತದೆಂದು ನೋಡಿ.