ಭಾನುವಾರದ ಪ್ರಶ್ನೋತ್ತರ: ಮನೆ ಕಟ್ಟುವ ಜಾಗದಲ್ಲಿ ಮರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮನೆ, ಫ್ಲ್ಯಾಟ್, ರಸ್ತೆ ಕಾಮಗಾರಿಯ ನಡುವೆ ಮರ ಉಳಿಸಿಕೊಳ್ಳುವ ಬಗ್ಗೆ ಇಂದು ಕೇಳಬಹುದು. ಉತ್ತರಿಸುವವರು ನಮ್ಮ ಗುಂಪಿನ ವೃಕ್ಷತಜ್ಞೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಸುರತ್ಕಲ್ ಸದಸ್ಯ: ಮೇಡಂ, ನಮ್ಮದೇ ಜಾಗದಲ್ಲಿರುವ ಮಳೆಮರ ಕಡಿಯಲು ಅನುಮತಿ ಬೇಕೇ?

ತಜ್ಞೆ: ಬೇಕು. ಜಾಗ ನಿಮ್ಮದಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು. ತೆಂಗು, ಗಾಳಿಮರ, ರಬ್ಬರ್‌ನಂಥ ಕೆಲವು ಮರಗಳಿಗೆ ವಿನಾಯಿತಿ ಉಂಟು.

ಅಂಬಲಪಾಡಿ ಸದಸ್ಯೆ: ಅಕ್ಕ, ನಮ್ಮ ಬೀದಿಯ ರೆಂಜೆ ಮರದ ಬುಡಕ್ಕೆ ಒತ್ತಿಯೇ ಇಂಟರ್‌ಲಾಕ್ ಹಾಕಿ, ಸಂದಿಗೆ ಸಿಮೆಂಟ್ ಸುರಿದಿದ್ದಾರೆ. ಮರ ಹಸಿರಾಗಿಯೇ ಇದೆ. ಸುಮ್ಮನಿರಬಹುದೇ?

ತಜ್ಞೆ: ಸುಮ್ಮನಿರಬೇಡಿ. ಬೇರಿಗೆ ಗಾಳಿ ಸಿಗದಿದ್ದರೆ ಮರ ನಾಳೆಯೇ ಒಣಗುವುದಿಲ್ಲ. ಮೂರೋ ಐದೋ ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಗುತ್ತಿಗೆದಾರರ ಬಿಲ್ ಪಾಸಾಗಿರುತ್ತದೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಲು ಆದೇಶಿಸಿತ್ತು. ಅದನ್ನು ಉಲ್ಲೇಖಿಸಿ ನಗರಸಭೆಗೆ ಪತ್ರ ಬರೆಯಿರಿ. ತೆಗೆಯುವಾಗ ಹಾರೆ ಸಾಕು, ಯಂತ್ರ ಬೇಡ.

ಬಿಜೈ ಸದಸ್ಯ: ಮೇಡಂ, ನಮ್ಮ ಅಜ್ಜನ ಕಾಲದ ಕಾಟುಮಾವಿನ ಮರ ಗಡಿಯಲ್ಲಿದೆ. ಪಕ್ಕದ ಜಾಗದವರು ನೆಲಮಾಳಿಗೆ ಪಾರ್ಕಿಂಗ್‌ಗೆಂದು ಮುರಕಲ್ಲಿನ (ಜಂಬಿಟ್ಟಿಗೆಯ) ಧರೆಯನ್ನು, ಅಂದರೆ ಗಡಿಯ ದಿಬ್ಬವನ್ನು, ಹನ್ನೆರಡು ಅಡಿ ನೇರವಾಗಿ ಕಡಿದಿದ್ದಾರೆ. ತಾಯಿಬೇರು ಆಳದಲ್ಲಿದೆ, ಏನೂ ಆಗುವುದಿಲ್ಲ ಎಂದು ಅವರ ಎಂಜಿನಿಯರ್ ಹೇಳುತ್ತಾರೆ. ಮಳೆಗಾಲಕ್ಕೆ ಏನು ಮಾಡಲಿ?

ತಜ್ಞೆ: ಕಾಂಡದಿಂದ ಎಷ್ಟು ದೂರದಲ್ಲಿ ಕಡಿದಿದ್ದಾರೆ? ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ ಎಷ್ಟು? ಧರೆ ಮರದ ಯಾವ ದಿಕ್ಕಿಗೆ? ಮನೆ ಯಾವ ದಿಕ್ಕಿಗೆ? ಈಗಲೇ ಅಳೆದು ಹೇಳಿ.

ಕಾವೂರು ಗುತ್ತಿಗೆದಾರ: ಮೇಡಂ, ಉಳಿಸಬೇಕೆಂಬ ಆಸೆ ನಮಗೂ ಇದೆ. ಕೆಲಸ ಶುರುವಾಗುವ ಮೊದಲು ಏನು ಮಾಡಬೇಕು?

ತಜ್ಞೆ: ಈ ಗುಂಪಿನಲ್ಲಿ 'ಮೊದಲು' ಎಂಬ ಪದವನ್ನು ಇವತ್ತೇ ಕಂಡೆ, ಸಂತೋಷ. ಜೆಸಿಬಿ ಇಳಿಯುವ ಮುಂಚೆ ಬೇಲಿ ಹಾಕಿ. ಕಾಂಡದ ಅಡ್ಡಳತೆಯ ಹನ್ನೆರಡು ಪಟ್ಟು ದೂರಕ್ಕೆ. ಇದು ಬ್ರಿಟಿಷ್ ಮಾನದಂಡದ ಲೆಕ್ಕ. ಅಡ್ಡಳತೆ ಅರ್ಧ ಮೀಟರ್ ಇದ್ದರೆ ಆರು ಮೀಟರ್. ಅದರೊಳಗೆ ಜಲ್ಲಿ, ಎಂ ಸ್ಯಾಂಡ್ ರಾಶಿ ಬೇಡ, ಲಾರಿ ತಿರುಗಿಸುವುದು ಬೇಡ, ಮಿಕ್ಸರ್ ತೊಳೆದ ನೀರು ಬೇಡ. ಮಣ್ಣು ಏರಿಸಲೂ ಬೇಡ.

ಕಾವೂರು ಗುತ್ತಿಗೆದಾರ: ಐದು ಸೆಂಟ್ಸ್ ಜಾಗದಲ್ಲಿ ಸುತ್ತ ಆರು ಮೀಟರ್ ಬಿಟ್ಟರೆ ಮನೆಯನ್ನು ಆಕಾಶದಲ್ಲಿ ಕಟ್ಟಬೇಕೇ?

ತಜ್ಞೆ: ಮರದ ಕಡೆಗೆ ಉದ್ದಕ್ಕೂ ಪಾಯ ತೋಡುವ ಬದಲು ಅಲ್ಲಲ್ಲಿ ಕಂಬ ಇಳಿಸಿ, ಮೇಲೆ ಬೀಮ್ ಹಾಕಿ. ಗುಂಡಿಯನ್ನು ಕೈಯಲ್ಲೇ ತೋಡಿಸಿ, ದಪ್ಪ ಬೇರು ಸಿಕ್ಕಿದರೆ ಕಂಬವನ್ನು ಒಂದಡಿ ಸರಿಸಿ. ಖರ್ಚು ಹೆಚ್ಚು, ನಿಜ. ಗ್ರಾಹಕರಿಗೆ ಮೊದಲೇ ಹೇಳಿ.

ಕಾಪು ಸದಸ್ಯ: ಫಾರ್ವರ್ಡ್: *ಬೇರು ಕತ್ತರಿಸಿದ ಮರಕ್ಕೆ ಅದ್ಭುತ ಮನೆಮದ್ದು! ಕಾಂಡಕ್ಕೆ ರಂಧ್ರ ಕೊರೆದು ಇಂಗು ತುಂಬಿ, ಸಿಮೆಂಟಿನಿಂದ ಮುಚ್ಚಿ. 21 ದಿನದಲ್ಲಿ ಹೊಸ ಬೇರು. ಎಲ್ಲರಿಗೂ ಕಳುಹಿಸಿ.*

ತಜ್ಞೆ: ಯಾರಿಗೂ ಕಳುಹಿಸಬೇಡಿ. ಮರಕ್ಕೆ ಬಾಯಿ ಇಲ್ಲ, ಜೀರ್ಣದ ತೊಂದರೆಯೂ ಇಲ್ಲ. ಕೊರೆದ ರಂಧ್ರ ಎಂದರೆ ಕೊಳೆತಕ್ಕೆ ತೆರೆದ ಬಾಗಿಲು. ಪೊಟರೆಗೆ ಸಿಮೆಂಟ್ ತುಂಬುವುದನ್ನು ಬಲ್ಲವರು ಬಿಟ್ಟು ದಶಕಗಳಾದವು. ಮರ ಓಲಾಡುತ್ತದೆ, ಸಿಮೆಂಟ್ ಓಲಾಡುವುದಿಲ್ಲ, ನಡುವಿನ ಸಂದಿಯಲ್ಲಿ ನೀರು ನಿಲ್ಲುತ್ತದೆ.

ಬಿಜೈ ಸದಸ್ಯ: ಅಳೆದೆ ಮೇಡಂ. ಸುತ್ತಳತೆ 210 ಸೆಂ.ಮೀ. ಧರೆ ಐದು ಅಡಿ ದೂರದಲ್ಲಿ, ಮರದ ಪಶ್ಚಿಮಕ್ಕೆ. ನಮ್ಮ ಮನೆ ಪೂರ್ವಕ್ಕೆ. ಅಮ್ಮನ ಕೋಣೆ ಮರದ ಕೆಳಗೇ ಬರುತ್ತದೆ.

ತಜ್ಞೆ: ಉಳಿದವರು ಸ್ವಲ್ಪ ಕಾಯಿರಿ. 210 ಎಂದರೆ ಅಡ್ಡಳತೆ ಸುಮಾರು 67 ಸೆಂ.ಮೀ. ಯಾರೂ ಮುಟ್ಟಬಾರದಿದ್ದ ನೆಲ ಎಂಟು ಮೀಟರ್. ಅದು ಹೋಗಲಿ. ಅಡ್ಡಳತೆಯ ಮೂರು ಪಟ್ಟಿನೊಳಗೆ, ನಿಮ್ಮಲ್ಲಿ ಎರಡು ಮೀಟರಿನೊಳಗೆ, ಇರುವುದು ಮರವನ್ನು ನೆಟ್ಟಗೆ ನಿಲ್ಲಿಸುವ ದಪ್ಪ ಬೇರುಗಳು. ಐದು ಅಡಿ ಎಂದರೆ ಒಂದೂವರೆ ಮೀಟರ್. ಅವನ್ನೇ ಕತ್ತರಿಸಿದ್ದಾರೆ.

ಆ ಎಂಜಿನಿಯರ್ ಹೇಳುವ ತಾಯಿಬೇರನ್ನು ನಂಬಿ ಕೂರಬೇಡಿ. ದೊಡ್ಡ ಮರದ ಬೇರಿನ ಬಹುಪಾಲು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಅಡ್ಡಕ್ಕೆ ಹರಡುತ್ತದೆ; ಕೆಳಗೆ ಗಟ್ಟಿ ಮುರಕಲ್ಲಿದ್ದರೆ ಇನ್ನೂ ಹೆಚ್ಚು. ಧರೆಯ ಮೈ ನೋಡಿ, ತುಂಡಾದ ಬೇರುಗಳೆಲ್ಲ ಮೇಲ್ಭಾಗದಲ್ಲೇ ಕಾಣುತ್ತವೆ.

ನನಗೆ ಹೆದರಿಕೆ ದಿಕ್ಕಿನದು. ನಮ್ಮ ಮಳೆಗಾಲದ ಗಾಳಿ ಕಡಲಿನ ಕಡೆಯಿಂದ ಬೀಸುತ್ತದೆ. ಆಗ ಮರವನ್ನು ಹಗ್ಗದಂತೆ ಎಳೆದು ಹಿಡಿಯುವುದು ಪಶ್ಚಿಮದ ಬೇರುಗಳು. ಆ ಹಗ್ಗ ಈಗ ಇಲ್ಲ. ಗಾಳಿ ತಳ್ಳುವುದು ನಿಮ್ಮ ಅಮ್ಮನ ಕೋಣೆಯ ಕಡೆಗೆ. ಇಂದು ರಾತ್ರಿಯಿಂದ ಅವರನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಈಗ ಹೋಗಿ ಕಾಂಡ ಮತ್ತು ಧರೆಯ ನಡುವಿನ ನೆಲವನ್ನು ಕುಕ್ಕರಗಾಲಿನಲ್ಲಿ ಕೂತು ನೋಡಿ: ಕಮಾನಿನಂತೆ ಬಿರುಕು ಇದೆಯೇ, ಮಣ್ಣು ಉಬ್ಬಿದೆಯೇ?

ಸುರತ್ಕಲ್ ಸದಸ್ಯ 2: ಮೇಡಂ, ಸ್ವಂತ ಜಾಗದ ಮರ ಕಡಿಯಲು ಅನುಮತಿ ಬೇಕಾ?

ತಜ್ಞೆ: ಮೇಲೆ ಓದಿ.

ಉರ್ವ ಮಾಷ್ಟ್ರು: ಇದಕ್ಕೆಲ್ಲ ಕಾರಣ ಬಿಲ್ಡರುಗಳ ದುರಾಸೆ. ಹೆದ್ದಾರಿ 66 ಅಗಲವಾಗುವಾಗ ಸಾಲುಮರ ಹೋಯಿತು, ಈಗ ಊರೊಳಗಿನದು.

ಕಾವೂರು ಗುತ್ತಿಗೆದಾರ: ಮಾಷ್ಟ್ರೇ, ಅದೇ ಹೆದ್ದಾರಿಯಲ್ಲಿ ನೀವು ವಾರಕ್ಕೊಮ್ಮೆ ಉಡುಪಿಗೆ ಹೋಗುತ್ತೀರಿ. ನೀವಿರುವುದೂ ಆರನೇ ಮಹಡಿಯಲ್ಲಿ.

ಉರ್ವ ಮಾಷ್ಟ್ರು: ನಾನು ಮರ ಕಡಿದವನಲ್ಲ. ನಮ್ಮ ಕುಟುಂಬದ ನಾಗಬನವನ್ನು ಇವತ್ತಿಗೂ ಕಾಪಾಡಿಕೊಂಡು ಬಂದಿದ್ದೇವೆ.

ಕಾವೂರು ಗುತ್ತಿಗೆದಾರ: ಬನವೋ, ಕಟ್ಟೆಯೋ? ಕಳೆದ ವರ್ಷ ಗ್ರಾನೈಟ್ ಹಾಸಿದ್ದು ನನ್ನ ಹುಡುಗರೇ. ಎಲೆ ಬಿದ್ದು ಗಲೀಜಾಗುತ್ತದೆ ಎಂದು ಎರಡು ಮರ ತೆಗೆಸಿದ್ದು ನಿಮ್ಮವರೇ.

ಉರ್ವ ಮಾಷ್ಟ್ರು: ಅದು ಜೀರ್ಣೋದ್ಧಾರ! ದೈವದೇವರ ವಿಷಯಕ್ಕೆ ಬರಬೇಡಿ.

ಅಂಬಲಪಾಡಿ ಸದಸ್ಯೆ: ಬಂದರೆ ತಪ್ಪೇನು? ನಮ್ಮ ಬನಕ್ಕೂ ಟೈಲ್ಸ್ ಹಾಕಿದ್ದಾರೆ. ಹಾವಿಗೆ ನುಸುಳಲು ಬಿಲವೂ ಉಳಿದಿಲ್ಲ, ಹಾಲೆರೆಯುವುದು ಮಾತ್ರ ನಿಂತಿಲ್ಲ.

ಅಡ್ಮಿನ್: ವಿಷಯಕ್ಕೆ ಬನ್ನಿ ದಯವಿಟ್ಟು.

ಮಣಿಪಾಲ ಸದಸ್ಯ: ಮೂವತ್ತು ವರ್ಷದ ಸಂಪಿಗೆಯನ್ನು ಕಿತ್ತು ಬೇರೆಡೆ ನೆಡಲು ಎಷ್ಟು ಖರ್ಚಾಗುತ್ತದೆ ಮೇಡಂ?

ಕಾಪು ಸದಸ್ಯ: ಫಾರ್ವರ್ಡ್: *ಪಕ್ಕದ ಮನೆಯ ಮರದ ಕಾಟವೇ? ಪಾದರಸ ಹಾಕಿ, ಸದ್ದಿಲ್ಲದೆ ಒಣಗುತ್ತದೆ.*

ತಜ್ಞೆ: ಇದನ್ನು ಅಳಿಸಿ. ಪಾದರಸ ಮಣ್ಣಿಗಿಳಿದರೆ ಹತ್ತಿರದ ಬಾವಿಗೂ ಇಳಿಯಬಹುದು. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಎದ್ದು ಹೋಗುತ್ತೇನೆ.

ಕಾಪು ಸದಸ್ಯ: ಬಂದದ್ದನ್ನು ಹಾಕಿದೆ, ಅಷ್ಟಕ್ಕೆ ಸಿಟ್ಟು ಯಾಕೆ ಮಾರಾಯರೇ.

ಮಣಿಪಾಲ ಸದಸ್ಯ: ಸಂಪಿಗೆ ಮೇಡಂ?

ಉರ್ವ ಮಾಷ್ಟ್ರು: ಗ್ರಾನೈಟ್‌ನ ಬಿಲ್ಲಿನಲ್ಲಿ ಎಷ್ಟು ಉಳಿಸಿಕೊಂಡಿರಿ ಎಂಬುದನ್ನೂ ಇಲ್ಲೇ ಹೇಳಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಬಿಜೈ ಸದಸ್ಯ: ಮೇಡಂ, ಬಿರುಕು ಇದೆ. ಧರೆಯ ಅಂಚಿಗೆ ಸಮನಾಗಿ ಎರಡು ಮಾರು ಉದ್ದ, ನನ್ನ ಹೆಬ್ಬೆರಳು ಒಳಗೆ ಹೋಗುತ್ತದೆ. ಮೊನ್ನೆ ಇರಲಿಲ್ಲ. ಕೊಂಬೆಗಳನ್ನೆಲ್ಲ ಬೋಳಿಸಿದರೆ ಉಳಿಯುತ್ತದೆಯೇ?

ತಜ್ಞೆ: ಇಲ್ಲ. ಹಗುರಾದರೂ ಹಿಡಿತ ಬರುವುದಿಲ್ಲ, ಈಗ ಧರೆಯೇ ಜಾರುತ್ತಿದೆ. ಮೇ ಕೊನೆಯ ಪತ್ತನಾಜೆ ಕಳೆದಿದೆ, ದೊಡ್ಡ ಮಳೆಗೆ ಹೆಚ್ಚು ದಿನವಿಲ್ಲ. ಮರವನ್ನು ಇಳಿಸಬೇಕು, ಮೇಲಿನಿಂದ ತುಂಡು ತುಂಡಾಗಿ, ಹಗ್ಗ ಕಟ್ಟಿ. ಬುಡಕ್ಕೆ ಗರಗಸ ಇಟ್ಟು ಉರುಳಿಸಲು ಬಿಡಬೇಡಿ. ಫೋಟೋ, ಅಳತೆ, ದಿನಾಂಕ ಹಾಕಿ ವೃಕ್ಷಾಧಿಕಾರಿಗೂ ಪಾಲಿಕೆಗೂ ಇಂದೇ ಬರೆಯಿರಿ. ಬಿರುಕು ದೊಡ್ಡದಾದರೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ. ಧರೆಯ ಕೆಳಗೆ ಕೆಲಸದವರ ಶೆಡ್ ಇದ್ದರೆ ಅವರನ್ನು ಮೊದಲು ಎಬ್ಬಿಸಿ.

ಬಿಜೈ ಸದಸ್ಯ: ಶೆಡ್ ಇದೆ. ಮಕ್ಕಳೂ ಇದ್ದಾರೆ. ಹೋಗುತ್ತಿದ್ದೇನೆ.

ಉರ್ವ ಮಾಷ್ಟ್ರು: ಮರ ಉಳಿಸಲು ಕರೆಸಿದವರೇ ಕಡಿಯಿರಿ ಎನ್ನುವುದಾದರೆ...

ತಜ್ಞೆ: ಮಾಷ್ಟ್ರೇ, ಆ ಮರ ಜೆಸಿಬಿ ಬಂದ ದಿನವೇ ಹೋಯಿತು. ಅಂದು ಯಾರೂ ನನ್ನನ್ನು ಕೇಳಲಿಲ್ಲ.

ಬಿಜೈ ಸದಸ್ಯ: ಶೆಡ್‌ನವರು ನಮ್ಮ ಜಗಲಿಗೆ ಬಂದರು. ಅಮ್ಮ ಅಳುತ್ತಿದ್ದಾರೆ ಮೇಡಂ. ಗೊಜ್ಜಿಗೆ ಈ ಮರದ ಹಣ್ಣೇ ಆಗಬೇಕು ಅವರಿಗೆ.

ತಜ್ಞೆ: ಕಸಿಗೆ ಈಗಲೇ ಕಾಲ. ಇಳಿಸುವ ದಿನ ಬೆಳಿಗ್ಗೆ, ಮೊದಲು ಕೆಳಗೆ ಬಂದ ಕೊಂಬೆಯ ತುದಿಯಿಂದ ಪೆನ್ಸಿಲ್ ದಪ್ಪದ, ಗೇಣುದ್ದದ ಹದಿನೈದು ಕಡ್ಡಿ ತೆಗೆಯಿರಿ. ತುದಿಯ ಮೊಗ್ಗು ಉಬ್ಬಿರಬೇಕು, ಒಡೆದಿರಬಾರದು. ಎಲೆ ಕತ್ತರಿಸಿ ತೊಟ್ಟು ಬಿಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ಕಿನಲ್ಲಿಟ್ಟು ಅಂದೇ ಸಂಜೆಯೊಳಗೆ ನನಗೆ ಮುಟ್ಟಿಸಿ. ಗಿಡಗಳು ನನ್ನಲ್ಲಿವೆ. ಬೇರೆ ಪ್ರಶ್ನೆಗಳಿಗೆ ಇಂದು ನನ್ನಿಂದಾಗುವುದಿಲ್ಲ.

ಮಣಿಪಾಲ ಸದಸ್ಯ: ಸಂಪಿಗೆ?