ಸಹಾಯ ಬೇಕು: ಹನ್ನೊಂದು ವರ್ಷದ ಮಗಳಿಗೆ ಕೆನಡಾದ ಪುಸ್ತಕಗಳು

ಎಲ್ಲರಿಗೂ ನಮಸ್ಕಾರ. ನಾವು ಟೊರಾಂಟೊಗೆ ಬಂದು ಎರಡು ವರ್ಷವಾಯಿತು. ಮಗಳಿಗೆ ಓದಿನ ಹಸಿವು ವಿಪರೀತ. 1908ರ ‘ಆನ್ ಆಫ್ ಗ್ರೀನ್ ಗೇಬಲ್ಸ್’ ಮುಗಿಸಿದ್ದೇ ತಡ, ಆ ಕಥೆ ನಡೆಯುವ ಪ್ರಿನ್ಸ್ ಎಡ್ವರ್ಡ್ ದ್ವೀಪದ ಕೆಂಪು ಮಣ್ಣನ್ನು ನೋಡಲೇಬೇಕೆಂದು ಹಟ ಹಿಡಿದಿದ್ದಾಳೆ. ಡೆಬೊರಾ ಎಲಿಸ್ ಅವರ ‘ದಿ ಬ್ರೆಡ್‌ವಿನ್ನರ್’ ಅನ್ನು ಇಬ್ಬರೂ ಕೂಡಿ ಓದಿದೆವು. ಕಾಬೂಲಿನ ಹುಡುಗಿಯೊಬ್ಬಳು ಹುಡುಗನ ವೇಷ ತೊಟ್ಟು ಮನೆಮಂದಿಗಾಗಿ ದುಡಿಯುವ ಕಥೆ ಅದು.

ಸೆಪ್ಟೆಂಬರ್ 30ರಂದು, ಇಲ್ಲಿನ ವಸತಿ ಶಾಲೆಗಳಲ್ಲಿ ನೊಂದ ಮೂಲನಿವಾಸಿ ಮಕ್ಕಳ ನೆನಪಿಗಾಗಿ, ಶಾಲೆಗೆ ಎಲ್ಲರೂ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹೋದರು. ಆ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ, ಆ ಶಾಲೆಗಳಲ್ಲಿಟ್ಟು, ಅವರ ಭಾಷೆಯನ್ನೇ ಕಿತ್ತುಕೊಂಡ ಸಂಗತಿ ಅವಳಿಗೆ ಅಂದು ತಿಳಿಯಿತು. ರಾತ್ರಿ ಮಲಗುವಾಗ, “ಅಮ್ಮಾ, ಕನ್ನಡ ಮಾತನಾಡಬಾರದು ಎಂದಿದ್ದರೆ ನಾನು ಅಜ್ಜಿಯ ಜೊತೆ ಹೇಗೆ ಮಾತನಾಡುತ್ತಿದ್ದೆ?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಇದೇ ವಸತಿ ಶಾಲೆಗಳ ಕುರಿತ, ಡೇವಿಡ್ ರಾಬರ್ಟ್‌ಸನ್ ಅವರ ‘ವೆನ್ ವಿ ವರ್ ಅಲೋನ್’ ಮನಸ್ಸಿಗೆ ನಾಟುವ ಚಿತ್ರಪುಸ್ತಕ, ಆದರೆ ಅದು ಇನ್ನೂ ಚಿಕ್ಕವರಿಗೆ. ಹನ್ನೊಂದರಿಂದ ಹದಿಮೂರು ವಯಸ್ಸಿನವರಿಗೆ ಮೂಲನಿವಾಸಿ ಲೇಖಕರೇ ಬರೆದ ಕಾದಂಬರಿಗಳು ಯಾವುವು? ನಿದ್ದೆಗೆಡಿಸುವಷ್ಟು ಕ್ರೂರವಾಗಿರಬಾರದು, ಸತ್ಯವನ್ನು ಮುಚ್ಚಿಡಲೂ ಬಾರದು. ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಗುವಂಥವಾದರೆ ಇನ್ನೂ ಒಳ್ಳೆಯದು. ದಯವಿಟ್ಟು ನಿಮ್ಮ ಮಕ್ಕಳು ನಿಜವಾಗಿ ಓದಿ ಮೆಚ್ಚಿದವನ್ನೇ ತಿಳಿಸಿ.